ಎತ್ತಿಟ್ಟವಳು

ಲಿಫ್ಟ್ ಇದ್ದರೂ ಅವಳು ಇವತ್ತು ಮೆಟ್ಟಿಲು ಹತ್ತಿದಳು. ಲಿಫ್ಟಿನಲ್ಲಿ ಯಾರಾದರೂ ಸಿಕ್ಕರೆ ನಾಲ್ಕು ಮಹಡಿ ದಾಟುವ ತನಕ ಅವರ ಮುಖ ನೋಡಬೇಕು, ಇಲ್ಲವೇ ನೋಡದ ಹಾಗೆ ನಿಲ್ಲಬೇಕು. ಎರಡಕ್ಕೂ ಅವಳಲ್ಲಿ ತ್ರಾಣವಿರಲಿಲ್ಲ. ಎರಡನೆಯ ಮಹಡಿಯ ತಿರುವಿನಲ್ಲಿ ನಿಂತು ಉಸಿರೆಳೆದುಕೊಂಡಳು. ನಲವತ್ತಮೂರಕ್ಕೆ ಇಷ್ಟು ಏದುಸಿರು ಬರಬಾರದು ಅಂತ ತನ್ನನ್ನೇ ಬೈದುಕೊಂಡು, ಆಮೇಲೆ ಇದು ಮೆಟ್ಟಿಲಿನ ಏದುಸಿರಲ್ಲ ಅಂತ ತನಗೇ ಸಮಾಧಾನ ಹೇಳಿಕೊಂಡಳು. ಹನ್ನೊಂದೂವರೆಗೆ ಫೋನ್ ಮಾಡಬೇಕು. ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿರುವ ಎಪ್ಪತ್ತೊಂದು ವರ್ಷದ ಮನುಷ್ಯನಿಗೆ ಫೋನ್ ಮಾಡಿ, ತಪ್ಪು ನನ್ನದು, ಕ್ಷಮಿಸಿ ಅನ್ನಬೇಕು. ಹಾಗಂತ ನಿನ್ನೆ ಸಂಜೆಯ ಮೀಟಿಂಗಿನಲ್ಲಿ ತೀರ್ಮಾನವಾಗಿತ್ತು. ತಪ್ಪು ಅವಳದಲ್ಲ. ಅಥವಾ ಅವಳದೇ. ನಿನ್ನೆಯಿಂದ ಈ ಎರಡು ಮಾತು ಅವಳ ಎರಡು ಕೈ ಹಿಡಿದು ಎಳೆದಾಡುತ್ತಿದ್ದವು, ಹಲ್ಲುಜ್ಜುವಾಗಲೂ ಬಿಟ್ಟಿರಲಿಲ್ಲ, ಬಸ್ಸಿನಲ್ಲಿ ಪಕ್ಕದವಳು ಕಿಟಕಿ ಮುಚ್ಚಲಾ ಅಂತ ಕೇಳಿದಾಗ ಇವಳು "ನನಗೆ ಗೊತ್ತಿಲ್ಲ" ಅಂದಿದ್ದಳು.

ಏಳು ಜನರ ಸಣ್ಣ ಆಫೀಸು ಅದು. ಒಂದು ರಕ್ತ ಪರೀಕ್ಷೆಯ ಲ್ಯಾಬಿಗೆ ಚಾಟ್ ಬಾಟ್ ಮಾಡಿಕೊಟ್ಟಿದ್ದರು. ಎಷ್ಟು ಹೊತ್ತಿಗೆ ಬರಲಿ, ಹೊಟ್ಟೆ ಖಾಲಿ ಇರಬೇಕಾ, ರಿಪೋರ್ಟ್ ಯಾವಾಗ ಸಿಗುತ್ತೆ ಅಂತ ಜನ ಫೋನಿನಲ್ಲಿ ಬರೆದು ಕೇಳುತ್ತಾರೆ. ಬಾಟ್ ಉತ್ತರ ಕೊಡುತ್ತದೆ. ಆಫೀಸಿನಲ್ಲಿ ಎಲ್ಲರೂ ಅದನ್ನು ಪುಟ್ಟಿ ಅನ್ನುತ್ತಿದ್ದರು. ಪುಟ್ಟಿಯ ಬುದ್ಧಿ ಎಲ್ಲೋ ದೂರದ ದೊಡ್ಡ ಕಂಪ್ಯೂಟರುಗಳಿಂದ ಬಾಡಿಗೆಗೆ ಬಂದದ್ದು. ಆದರೆ ಪುಟ್ಟಿಯ ಮುಖ ತೊಳೆಸಿ, ತಲೆ ಬಾಚಿ ಜನರ ಮುಂದೆ ನಿಲ್ಲಿಸುವ ಚಾಕರಿಯೆಲ್ಲ ಇವರದು, ಅದಕ್ಕಾಗಿಯೇ ಹೆಲ್ಪರ್ ಫಂಕ್ಷನ್‌ಗಳು. ಒಂದೊಂದೂ ಐದಾರು ಸಾಲಿನ ಕೋಡಿನ ತುಂಡು. ಬಂದ ಸಂದೇಶದ ಹಿಂದೆಮುಂದೆ ಇರುವ ಖಾಲಿ ಜಾಗ ಒರೆಸುವುದು ಒಂದರ ಕೆಲಸ, ನಾಳೆ ಅಂದರೆ ಯಾವ ತಾರೀಖು ಅಂತ ಹೇಳುವುದು ಇನ್ನೊಂದರ ಕೆಲಸ, ತೀರಾ ಉದ್ದ ಬರೆದವರ ಸಂದೇಶವನ್ನು ಕತ್ತರಿಸುವುದು ಮತ್ತೊಂದರದು. ಇವನ್ನೆಲ್ಲ ಹದಿನಾಲ್ಕು ತಿಂಗಳಿಂದ ಎಲ್ಲರೂ ತಂದು ತಂದು 'ಇತರೆ' ಅನ್ನುವ ಒಂದೇ ಫೈಲಿಗೆ ಸುರಿದಿದ್ದರು. ಯಾವುದು ಎಲ್ಲಿದೆ ಅಂತ ಸುರಿದವರಿಗೂ ಗೊತ್ತಿರಲಿಲ್ಲ. ತಾರೀಖು ಹೇಳುವ ತುಂಡುಗಳೇ ಮೂರಿದ್ದವು, ಮೂರೂ ಬೇರೆಬೇರೆ ತಾರೀಖು ಹೇಳುತ್ತಿದ್ದವು, ಅದೃಷ್ಟಕ್ಕೆ ಎರಡನ್ನು ಯಾರೂ ಬಳಸುತ್ತಿರಲಿಲ್ಲ. ಮೂರು ವಾರದ ಹಿಂದೆ ಮೇಷ್ಟ್ರು ಅವಳ ಕುರ್ಚಿಯ ಹಿಂದೆ ಬಂದು ನಿಂತು, "ಈ ಕಸಾನೆಲ್ಲ ಒಂದು ದಡ ಮುಟ್ಟಿಸಬೇಕಲ್ಲಮ್ಮ. ನಿನ್ನಷ್ಟು ನೀಟಾಗಿ ಬೇರೆ ಯಾರೂ ಮಾಡಲ್ಲ" ಅಂದಿದ್ದರು.

ಮೇಷ್ಟ್ರು ಅಂದರೆ ನಿಜವಾದ ಮೇಷ್ಟ್ರಲ್ಲ. ಅವರೂ ಕೋಡ್ ಬರೆಯುವವರೇ, ವಯಸ್ಸು ಐವತ್ತೆಂಟು, ಆ ಆಫೀಸಿನಲ್ಲಿ ಎಲ್ಲರಿಗೂ ಒಂದಲ್ಲ ಒಂದನ್ನು ಕಲಿಸಿದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಅವಳಿಗಂತೂ ಎಲ್ಲವನ್ನೂ ಕಲಿಸಿದವರು ಅವರೇ. ಮಗಳನ್ನು ಸಾಕುವ ನೆಪದಲ್ಲಿ ಎಂಟು ವರ್ಷ ಮನೆಯಲ್ಲಿ ಕೂತು, ಮೂವತ್ತೆರಡಕ್ಕೆ ಮತ್ತೆ ಕೆಲಸ ಹುಡುಕಿಕೊಂಡು ಹೊರಟಾಗ ಆರು ಕಡೆ ಅವಳ ಅರ್ಜಿ ನೋಡಿ, ಈ ಎಂಟು ವರ್ಷ ಏನು ಮಾಡ್ತಿದ್ರಿ ಅಂತ ನಗುಮುಖದಿಂದ ಕೇಳಿ ಕಳಿಸಿದ್ದರು. ಏಳನೆಯ ಕಡೆ ಮೇಷ್ಟ್ರು ಕೂತಿದ್ದರು. ಅವರು ಆ ಪ್ರಶ್ನೆಯನ್ನೇ ಕೇಳಲಿಲ್ಲ. ಒಂದು ಕೋಡಿನ ಹಾಳೆ ಮುಂದಿಟ್ಟು "ಇದರಲ್ಲಿ ಎಲ್ಲಿ ಎಡವಿದ್ದೀನಿ ಹೇಳಿ ನೋಡೋಣ" ಅಂದರು. ಎಡವಿದ್ದೀನಿ ಅಂದರು, ತಪ್ಪಿದೆ ಅನ್ನಲಿಲ್ಲ. ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ಎದುರಿನವರಿಗೆ ಧೈರ್ಯ ಕೊಡುವ ಇಂಥ ದೊಡ್ಡ ಮನುಷ್ಯರು ಇರುತ್ತಾರಾ ಅಂತ ಅವಳು ಆವತ್ತು ಮನೆಗೆ ಹೋಗಿ ಗಂಡನ ಮುಂದೆ ಕಣ್ಣು ಒದ್ದೆ ಮಾಡಿಕೊಂಡಿದ್ದಳು. ಹನ್ನೊಂದು ವರ್ಷ ಆ ಕಣ್ಣಿನಿಂದಲೇ ಅವರನ್ನು ನೋಡಿದ್ದಳು. ಅವರು ಟೀ ಕುಡಿಯುವಾಗ ಸೊರ್ರನೆ ಸದ್ದು ಮಾಡುವುದು, ಯಾರದೋ ಜೋಕನ್ನು ತಮ್ಮದೆಂಬಂತೆ ಹೇಳುವುದು, ಆಫೀಸಿನ ಒಡತಿ ಮೇಡಂ ಬಂದಾಗ ದನಿ ಸ್ವಲ್ಪ ಎತ್ತರಿಸುವುದು ಎಲ್ಲವನ್ನೂ ಕಂಡಿದ್ದಳು, ಕಂಡದ್ದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡಿದ್ದಳು.

ಹಾಗೆ ಅವಳು ಒಪ್ಪಿಕೊಂಡಳು. ಒಪ್ಪಿಕೊಂಡದ್ದಲ್ಲ, ಖುಷಿಯಿಂದ ಸೆರಗು ಸಿಕ್ಕಿಸಿ ನಿಂತಳು. ನಾಲ್ಕು ದಿನ 'ಇತರೆ'ಯನ್ನು ಬಿಚ್ಚಿ ಹರಡಿಕೊಂಡು ಕೂತು, ಸಂದೇಶಕ್ಕೆ ಸಂಬಂಧಿಸಿದ್ದು ಒಂದು ಫೈಲಿಗೆ, ತಾರೀಖಿಗೆ ಸಂಬಂಧಿಸಿದ್ದು ಒಂದಕ್ಕೆ, ಉತ್ತರ ಜೋಡಿಸುವುದು ಮತ್ತೊಂದಕ್ಕೆ ಎತ್ತಿಟ್ಟಳು. ಸತ್ತುಬಿದ್ದ ತುಂಡುಗಳನ್ನು ತೆಗೆದು ಎಸೆದಳು. ಎರಡನೆಯ ದಿನ ಮಧ್ಯಾಹ್ನ ಆ ಸಾಲು ಅವಳ ಕಣ್ಣಿಗೆ ಬಿತ್ತು. ಸಂದೇಶ ಎಷ್ಟೇ ಉದ್ದವಿರಲಿ, ಮೊದಲ ಇನ್ನೂರೈವತ್ತು ಅಕ್ಷರ ಮಾತ್ರ ಇಟ್ಟುಕೊಂಡು ಮಿಕ್ಕಿದ್ದನ್ನು ಬಿಸಾಡು ಅನ್ನುವ ಸಾಲು. ಬಿಸಾಡಿದ್ದನ್ನು ಯಾರಿಗೂ ಹೇಳಬೇಡ ಅಂತ ಅದರಲ್ಲಿ ಬರೆದಿರಲಿಲ್ಲ, ಆದರೆ ಹೇಳು ಅಂತಲೂ ಬರೆದಿರಲಿಲ್ಲ. ಅವಳ ಕೈ ನಿಂತಿತು. ಇದು ಅವಳಿಗೆ ಚೆನ್ನಾಗಿ ನೆನಪಿದೆ, ಕೈ ನಿಂತದ್ದು, ತಿರುಗಿ ನೋಡಿದ್ದು, ಹಿಂದಿನ ಮೇಜಿನಲ್ಲಿ ಮೇಷ್ಟ್ರು ಕನ್ನಡಕ ಒರೆಸುತ್ತಿದ್ದದ್ದು. "ಮೇಷ್ಟ್ರೇ, ಇನ್ನೂರೈವತ್ತು ಸಾಕಾಗುತ್ತಾ? ಜನ ಉದ್ದುದ್ದ ಬರೀತಾರೆ" ಅಂದಳು. ಅವರು ಕನ್ನಡಕದಿಂದ ಕಣ್ಣೆತ್ತಲಿಲ್ಲ. "ಎತ್ತಿಡುವಾಗ ಒಳಗೆ ಕೈಯಾಡಿಸಬಾರದು ಕಣಮ್ಮ. ಇವತ್ತು ಸಾಮಾನು ಸಾಗಿಸು. ತೊಳೆಯೋದು ಇನ್ನೊಂದು ದಿನ." ಕಸುಬಿನ ಮಟ್ಟಿಗೆ ಅದು ಸರಿಯಾದ ಮಾತೇ. ಎತ್ತಿಡುವುದನ್ನೂ ತಿದ್ದುವುದನ್ನೂ ಒಟ್ಟಿಗೆ ಮಾಡಿದರೆ ಏನು ಕೆಟ್ಟಿತು, ಎಲ್ಲಿ ಕೆಟ್ಟಿತು ಅಂತ ಆಮೇಲೆ ಗೊತ್ತಾಗುವುದಿಲ್ಲ. ಅವಳು ಸಾಲನ್ನು ಹಾಗೇ ಎತ್ತಿ ಹೊಸ ಫೈಲಿನಲ್ಲಿಟ್ಟಳು. ತೊಳೆಯುವ ದಿನ ಬರಲೇ ಇಲ್ಲ, ಯಾರಿಗೂ ನೆನಪೂ ಆಗಲಿಲ್ಲ.

ನಾಲ್ಕನೆಯ ದಿನ ಸಂಜೆ ಕೆಲಸ ಮುಗಿದಾಗ ಅವಳು ಒಂದು ಸಣ್ಣ ಕಳ್ಳತನ ಮಾಡಿದ್ದಳು. ಕಳ್ಳತನ ಅಂತ ಈಗ ಅನ್ನಿಸುತ್ತದೆ, ಆಗ ಅನ್ನಿಸಿರಲಿಲ್ಲ. ಅವರ ಕಸುಬಿನಲ್ಲಿ ಒಂದು ಆಜ್ಞೆಯಿದೆ, ಅದನ್ನು ಕೊಟ್ಟರೆ ಕೋಡಿನ ಒಂದೊಂದು ಸಾಲಿನ ಪಕ್ಕದಲ್ಲೂ ಅದನ್ನು ಅಲ್ಲಿ ಬರೆದವರ ಹೆಸರು, ತಾರೀಖು ತೋರಿಸುತ್ತದೆ. ಬ್ಲೇಮ್, ಅಂದರೆ ತಪ್ಪು ಹೊರಿಸು, ಅಂತಲೇ ಅದಕ್ಕೆ ಹೆಸರು, ಯಾವ ಪುಣ್ಯಾತ್ಮ ಇಟ್ಟನೋ. ಆದರೆ ಅದಕ್ಕೆ ಬರೆದವರು ಯಾರು, ಇನ್ನೊಂದು ಕಡೆಯಿಂದ ಎತ್ತಿ ತಂದಿಟ್ಟವರು ಯಾರು ಅನ್ನುವ ಭೇದವಿಲ್ಲ. ಹೊಸ ಫೈಲಿಗೆ ಯಾರು ತಂದಿಟ್ಟರೋ ಅವರದೇ ಹೆಸರು ಬೀಳುತ್ತದೆ. ಹಿಂದಿನ ಚರಿತ್ರೆ ಅಳಿಸಿಹೋಗಿರುವುದಿಲ್ಲ, ಇನ್ನೂ ಒಂದು ಮೆಟ್ಟಿಲು ಕೆಳಗಿಳಿದು ಹುಡುಕಿದರೆ ಹಳೆಯ ಫೈಲಿನಲ್ಲಿ ನಿಜವಾದ ಹೆಸರು ಸಿಗುತ್ತದೆ, ಆದರೆ ಅಷ್ಟು ದೂರ ಯಾರಿಳಿಯುತ್ತಾರೆ. ಆ ಸಂಜೆ ಎಲ್ಲರೂ ಹೋದಮೇಲೆ ಅವಳು ಆ ಆಜ್ಞೆ ಕೊಟ್ಟು ನೋಡಿದಳು. ಸಾವಿರದ ನೂರು ಸಾಲು. ಸಾವಿರದ ನೂರು ಸಾಲಿನ ಪಕ್ಕದಲ್ಲೂ ಅವಳ ಹೆಸರು, ಮೇಲಿನಿಂದ ಕೆಳಗಿನ ತನಕ ಅವಳ ಹೆಸರೇ. ಹನ್ನೊಂದು ವರ್ಷದಲ್ಲಿ ಯಾವ ಮೀಟಿಂಗಿನಲ್ಲೂ ಅವಳ ಹೆಸರನ್ನು ಅಷ್ಟು ಸಲ ಯಾರೂ ಹೇಳಿರಲಿಲ್ಲ. ಇದರಲ್ಲಿ ಅವಳು ಬರೆದದ್ದು ಕಾಲು ಭಾಗವೂ ಇರಲಿಲ್ಲ. ಆದರೂ ಅವಳು ಪರದೆಯ ಮುಂದೆ ಸುಮಾರು ಹೊತ್ತು ಕೂತು, ಬೆರಳಿನಿಂದ ಸರಿಸುತ್ತ ಸರಿಸುತ್ತ, ಎದೆಯುಬ್ಬಿಸಿಕೊಂಡು ನೋಡಿದಳು. ಮಗಳು ಫೋನ್ ಮಾಡಿ ಎಲ್ಲಿದೀಯಮ್ಮ ಅಂದಾಗ "ಕೆಲಸ ಇದೆ" ಅಂತ ಸುಳ್ಳು ಹೇಳಿದಳು.

ಈಗ ಆಸ್ಪತ್ರೆಯಲ್ಲಿರುವ ಆ ಗಡಿಯಾರ ರಿಪೇರಿಯ ಮುದುಕರು ಬರೆದಿದ್ದ ಸಂದೇಶ ಈಗ ಅವಳಿಗೆ ಬಾಯಿಪಾಠ. "ನಮಸ್ಕಾರ. ನಾನು ಗಡಿಯಾರ ರಿಪೇರಿ ಮಾಡುತ್ತಿದ್ದವನು, ಈಗ ಅಂಗಡಿ ಮುಚ್ಚಿದ್ದೇನೆ, ಕಣ್ಣು ಅಷ್ಟು ಸರಿಯಿಲ್ಲ. ನಾಳೆ ಬೆಳಿಗ್ಗೆ ಎಂಟಕ್ಕೆ ರಕ್ತ ಕೊಡಲು ಬರಬೇಕು ಅಂತ ಡಾಕ್ಟರು ಹೇಳಿದ್ದಾರೆ. ಚೀಟಿ ಮಗಳ ಹತ್ತಿರ ಇದೆ, ಅವಳು ಊರಲ್ಲಿಲ್ಲ. ಊಟ ಮಾಡಿ ಬರಬೇಕೋ ಹಾಗೇ ಬರಬೇಕೋ ತಿಳಿಸಿ. ಇನ್ನೊಂದು, ನಾನು ದಿನಾ ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತೇನೆ, ಅದನ್ನು ತೆಗೆದುಕೊಳ್ಳಬೇಕೋ ಬೇಡವೋ." ಪುಟ್ಟಿಗೆ ತಲುಪಿದ್ದು 'ಇನ್ನೊಂದು' ಅನ್ನುವ ಮಾತಿನ ತನಕ. ಪುಟ್ಟಿ ತನಗೆ ತಲುಪಿದ್ದನ್ನು ಓದಿ, ಬಹಳ ಮರ್ಯಾದೆಯಿಂದ, ಹನ್ನೆರಡು ಗಂಟೆ ಏನೂ ತಿನ್ನದೆ ಬನ್ನಿ, ನೀರು ಕುಡಿಯಬಹುದು, ಎಂದಿನ ಔಷಧಿ ತೆಗೆದುಕೊಳ್ಳಬಹುದು ಅಂತ ಉತ್ತರಿಸಿತ್ತು. ಮುದುಕರು ಹೇಳಿದ್ದನ್ನು ಹೇಳಿದ ಹಾಗೆ ಮಾಡಿದರು. ಏನೂ ತಿನ್ನಲಿಲ್ಲ, ಎಂದಿನ ಸೂಜಿ ಚುಚ್ಚಿಕೊಂಡರು, ಲ್ಯಾಬಿನ ಬಾಗಿಲ ಮುಂದಿನ ಮೂರು ಮೆಟ್ಟಿಲಿನಲ್ಲಿ ಎರಡು ಹತ್ತಿ, ರಕ್ತದ ಸಕ್ಕರೆ ಇಳಿದು, ಕಣ್ಣು ಕತ್ತಲೆಗಟ್ಟಿ ಹಿಂದಕ್ಕೆ ಬಿದ್ದರು. ಪ್ರಾಣ ಉಳಿಯಿತು. ಸೊಂಟ ಉಳಿಯಲಿಲ್ಲ.

ನಿನ್ನೆ ಮೀಟಿಂಗಿನಲ್ಲಿ ಮೇಡಂ, ಅವಳಿಗಿಂತ ಐದು ವರ್ಷ ಚಿಕ್ಕವರು, ಮೇಜಿನ ಮೇಲೆ ಎರಡೂ ಕೈ ಊರಿ "ಇದು ಎಲ್ಲಿ ಆಯ್ತು ಅಂತ ನನಗೆ ಈಗಲೇ ಗೊತ್ತಾಗಬೇಕು" ಅಂದರು. ಬಾಟನ್ನು ಪರೀಕ್ಷೆ ಮಾಡಿ ನೋಡುವ ಹುಡುಗಿ, ಆಫೀಸಿನಲ್ಲಿ ಎಲ್ಲರೂ ಟೆಸ್ಟರ್ ಅನ್ನುವವಳು, ಗೋಡೆಯ ಪರದೆಯ ಮೇಲೆ ಆ ಸಾಲನ್ನು ತೆರೆದಳು, ಆಜ್ಞೆ ಕೊಟ್ಟಳು. ಸಾಲಿನ ಪಕ್ಕದಲ್ಲಿ ಇವಳ ಹೆಸರು ಬಂತು. ಗೋಡೆಯ ಮೇಲೆ ಬರುವುದರಿಂದ ಅಕ್ಷರ ಒಂದೊಂದೂ ಗೇಣುದ್ದ ಇದ್ದವು. ಒಂದು ಕ್ಷಣ, ಇದನ್ನು ಅವಳು ಯಾರಿಗೂ ಹೇಳಲಾರಳು, ಒಂದು ಕ್ಷಣ ತಾನೇ ಬರೆದಿರಬೇಕು ಅಂತ ಅವಳಿಗೇ ನಂಬಿಕೆ ಬಂತು. ಬರೆದದ್ದು ನೆನಪೂ ಆಯಿತು, ಯಾವುದೋ ಮಳೆಯ ಮಧ್ಯಾಹ್ನ, ಬೆರಳು ಎರಡು ಐದು ಸೊನ್ನೆ ಒತ್ತಿದ್ದು. ಗೋಡೆಯ ಮೇಲೆ ಅಷ್ಟು ದೊಡ್ಡದಾಗಿ ಬರೆದಿರುವಾಗ ಸುಳ್ಳು ಹೇಗಾದೀತು. ಆಮೇಲೆ ತಿಳಿವು ಬಂತು, ಇದು ನಾನು ಎತ್ತಿಟ್ಟದ್ದು, ಬರೆದದ್ದಲ್ಲ. ಬರೆದವರು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದಾರೆ. ಅವಳು ಅತ್ತ ತಿರುಗಲಿಲ್ಲ. ತಿರುಗಿದರೆ ಬೆರಳು ತೋರಿಸಿದ ಹಾಗಾಗುತ್ತದೆ, ಅವರೇ ಹೇಳುತ್ತಾರೆ, ಇನ್ನೊಂದು ನಿಮಿಷದಲ್ಲಿ ಗಂಟಲು ಸರಿಮಾಡಿಕೊಂಡು, ಎಡವಿದ್ದು ನಾನು ಅನ್ನುತ್ತಾರೆ, ಅವರಿಗೆ ಅಷ್ಟು ಅವಕಾಶ ಕೊಡಬೇಕು ಅಂತ ಕಾದಳು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ನೋಡಿ ಮೇಡಂ," ಅಂದರು, "ಯಾರಿಗಾದರೂ ಆಗುತ್ತೆ ಇದು. ಅವಳೊಬ್ಬಳನ್ನೇ ಹಿಡ್ಕೊಂಡು ಏನೂ ಅನ್ನಬೇಡಿ. ಒಳ್ಳೆ ಕೆಲಸಗಾರ್ತಿ." ಅಷ್ಟು ಹೇಳಿ ಮೇಜಿನ ಮೇಲಿದ್ದ ಅವಳ ಕೈಯನ್ನು ಎರಡು ಸಲ ಮೆಲ್ಲಗೆ ತಟ್ಟಿದರು.

ಆ ತಟ್ಟಿದ್ದು ಇನ್ನೂ ಕೈಮೇಲಿತ್ತು. ನಾಲಿಗೆ ಯಾಕೆ ಹೊರಳಲಿಲ್ಲ ಅಂತ ಅವಳು ನಿನ್ನೆಯಿಂದ ಎಷ್ಟು ಸಲ ಕೇಳಿಕೊಂಡಳೋ. ಒಂದು ಮಾತು ಸಾಕಿತ್ತು: ಟೆಸ್ಟರ್, ಇನ್ನೂ ಒಂದು ಮೆಟ್ಟಿಲು ಕೆಳಗಿಳಿದು ನೋಡು. ಅದನ್ನು ಹೇಳಲು ಬಾಯಿ ತೆರೆದಾಗ, ಪರದೆಯ ಮುಂದೆ ಸಾವಿರದ ನೂರು ಸಲ ತನ್ನ ಹೆಸರು ನೋಡಿ ಎದೆಯುಬ್ಬಿಸಿದ ಸಂಜೆ ಬಂದು ಅಡ್ಡ ನಿಂತಿತು. ಹೆಸರು ಸಿಹಿಯಾಗಿದ್ದಾಗ ನುಂಗಿದೆಯಲ್ಲ, ಕಹಿಯಾದಾಗ ಉಗುಳುತ್ತೀಯಾ. ಅದೂ ಅಲ್ಲದೆ ಆ ಸಾಲನ್ನು ಓದಿಯೂ ಇದ್ದಳು, ಓದಿ ಅನುಮಾನವೂ ಪಟ್ಟಿದ್ದಳು. ಲಿಫ್ಟ್ ರಿಪೇರಿ ಮಾಡುವ ಅವಳ ಗಂಡ ನಿನ್ನೆ ರಾತ್ರಿ ಊಟಕ್ಕೆ ಕೂತು ಎಲ್ಲವನ್ನೂ ಕೇಳಿಸಿಕೊಂಡು, ತಟ್ಟೆಯಲ್ಲಿ ಗೆರೆ ಎಳೆಯುತ್ತ, "ನಮ್ಮಲ್ಲೂ ಹೀಗೇ ಕಣೇ" ಅಂದ. "ಲಿಫ್ಟಿನ ಮೇಲೆ ಒಂದು ಪುಸ್ತಕ ಇಟ್ಟಿರ್ತಾರೆ. ಕೊನೇಲಿ ಯಾರು ಬಾಗಿಲು ತೆಗೆದು ಒಳಗಿಳಿದನೋ ಅವನ ಸಹಿ. ಆಮೇಲೆ ಹಗ್ಗ ತುಂಡಾದರೆ, ಹಾಕಿದವನು ಯಾರು ಅಂತ ಯಾರೂ ಕೇಳಲ್ಲ. ನೀನು ಇಳಿದಿದ್ದೆ, ನೋಡಿದ್ದೆ, ಹಾಗೇ ಬಾಗಿಲು ಹಾಕ್ಕೊಂಡು ಬಂದೆ. ಅಷ್ಟೇ."

"ಹಂಗಾದ್ರೆ ತಪ್ಪು ನಂದೇ ಅಂತೀರಾ?"

"ನಿಂದೇ ಅಂದ್ನಾ ನಾನು? ನಿಂದೂ ಅಂತಿದೀನಿ. ಅದಕ್ಕೂ ಇದಕ್ಕೂ ಬಹಳ ವ್ಯತ್ಯಾಸ ಇದೆ ಕಣೇ. ನಿಂದೂ ಅಂತಾದ್ರೆ ಇನ್ನೊಬ್ಬ ಇದಾನೆ ಅಂತಾಯ್ತಲ್ಲ, ಅವನೆಲ್ಲಿ?"

ಅವಳು ಎದ್ದು ಕೈ ತೊಳೆಯಲು ಹೋಗಿದ್ದಳು.

ಇವತ್ತು ಆಫೀಸಿನ ಬಾಗಿಲು ತಳ್ಳಿದಾಗ ಟೆಸ್ಟರ್ ಯಾರ ಜೊತೆಗೋ ನಗುತ್ತಿದ್ದವಳು ಸಟ್ಟನೆ ನಗು ನಿಲ್ಲಿಸಿದಳು. ಇವಳು ತನ್ನ ಮೇಜಿಗೆ ಹೋಗಿ ಚೀಲ ಇಡುತ್ತಿದ್ದಂತೆ ಬೆನ್ನ ಹಿಂದೆ ಮೆಲ್ಲಗೆ "ಇನ್ನೂರೈವತ್ತು ಮೇಡಂ ಬಂದ್ರು" ಅನ್ನುವ ಮಾತೂ, ಶ್ ಅನ್ನುವ ಸದ್ದೂ ಕೇಳಿದವು. ಒಂದೇ ದಿನಕ್ಕೆ ಹೆಸರಿಟ್ಟಾಗಿತ್ತು. ಪಾಪ, ಕೆಟ್ಟವರಲ್ಲ ಅವರು, ನಾಳೆ ಇನ್ನೊಬ್ಬರಿಗೆ ಇಡುತ್ತಾರೆ, ಇದನ್ನು ಮರೆಯುತ್ತಾರೆ. ಹಾಗಂದುಕೊಂಡರೂ ಅವಳ ಕಿವಿ ಬಿಸಿಯಾಯಿತು. ಕಂಪ್ಯೂಟರ್ ತೆರೆದಳು. ನಿನ್ನೆಯಿಂದ ಮಾಡದೆ ಬಿಟ್ಟಿದ್ದನ್ನು ಮಾಡಿದಳು, ಒಂದು ಮೆಟ್ಟಿಲು ಕೆಳಗಿಳಿದಳು. ಹಳೆಯ 'ಇತರೆ' ತೆರೆದುಕೊಂಡಿತು. ಆ ಸಾಲಿನ ಪಕ್ಕದಲ್ಲಿ ಮೇಷ್ಟ್ರ ಹೆಸರಿತ್ತು, ಹದಿನಾಲ್ಕು ತಿಂಗಳ ಹಿಂದಿನ ತಾರೀಖು. ಗೊತ್ತಿದ್ದದ್ದೇ. ಗೊತ್ತಿದ್ದದ್ದನ್ನು ಕಣ್ಣಿನಿಂದ ನೋಡಿದಾಗ ಇಷ್ಟು ನೋವಾಗುತ್ತದೆ ಅಂತ ಗೊತ್ತಿರಲಿಲ್ಲ. ತಾರೀಖೂ ನೆನಪಿತ್ತು ಅವಳಿಗೆ: ಲ್ಯಾಬಿನವರು ಬಾಟ್ ನೋಡಲು ಬರುವ ಹಿಂದಿನ ದಿನ. ಉದ್ದನೆಯ ಸಂದೇಶ ಬಂದರೆ ಪುಟ್ಟಿ ಉತ್ತರ ಕೊಡಲು ಅರ್ಧ ನಿಮಿಷ ತಡವರಿಸುತ್ತಿತ್ತು, ಮೇಡಂ ಉಗುರು ಕಚ್ಚುತ್ತಿದ್ದರು, ಸಂಜೆ ಐದಕ್ಕೆ ಮೇಷ್ಟ್ರು ಹತ್ತು ನಿಮಿಷದಲ್ಲಿ ಏನೋ ಮಾಡಿ "ನೋಡಿ ಈಗ" ಅಂದಿದ್ದರು. ಪುಟ್ಟಿ ಪಟಪಟನೆ ಉತ್ತರ ಕೊಟ್ಟಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಅವಳು.

ಟೀ ಮಾಡುವ ಮೂಲೆ ಅಂದರೆ ಒಂದು ಸಿಂಕು, ಒಂದು ಕೆಟಲು, ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಹತ್ತೂಮುಕ್ಕಾಲಿಗೆ ಮೇಷ್ಟ್ರು ಅಲ್ಲಿಗೆ ಹೋಗುತ್ತಾರೆ ಅಂತ ಹನ್ನೊಂದು ವರ್ಷದ ಅಭ್ಯಾಸದಿಂದ ಅವಳಿಗೆ ಗೊತ್ತು. ಹಿಂದೆಯೇ ಹೋದಳು. ಅವರು ಲೋಟ ತೊಳೆಯುತ್ತಿದ್ದರು, ಅವಳನ್ನು ಕಂಡು ಇನ್ನೊಂದು ಲೋಟ ತೆಗೆದು ಅದನ್ನೂ ತೊಳೆದರು. ಏನು ಹೇಳಬೇಕು ಅಂತ ಅವಳು ಬೆಳಗಿನಿಂದ ಮೂರು ಥರ ಜೋಡಿಸಿಕೊಂಡಿದ್ದಳು, ಒಂದೂ ಬಾಯಿಗೆ ಬರಲಿಲ್ಲ. "ಹಳೇ ಫೈಲ್ ನೋಡಿದೆ ಮೇಷ್ಟ್ರೇ" ಅಂದಳು. ಅವರು ಲೋಟವನ್ನು ಬಟ್ಟೆಯಿಂದ ಒರೆಸಿದರು, ಒಳಗೆ, ಹೊರಗೆ, ಅಡಿಯಲ್ಲಿ, ಅಷ್ಟು ಶ್ರದ್ಧೆಯಿಂದ ಅವರು ಲೋಟ ಒರೆಸಿದ್ದನ್ನು ಅವಳು ಯಾವತ್ತೂ ಕಂಡಿರಲಿಲ್ಲ.

"ನೋಡೇ ನೋಡ್ತೀಯ ಅಂತ ಗೊತ್ತಿತ್ತು," ಅಂದರು. "ನಾನೇ ಕಲಿಸಿದ್ದಲ್ವಾ."

"ನಿನ್ನೆ ಯಾಕೆ ಹೇಳಲಿಲ್ಲ?"

ಕೆಟಲು ಕುದಿಯಲು ಶುರುವಾಯಿತು. ಅವರು ಅದಕ್ಕೆ ಟೀ ಪುಡಿ ಹಾಕಿದರು. "ನೀನು ಮಾಡಿದ್ದು ಅಂದ್ರೆ ಒಂದು ತಪ್ಪು ಅಂತಾರೆ. ನಾಳೆ ಮರೀತಾರೆ. ನಾನು ಮಾಡಿದ್ದು ಅಂದ್ರೆ, ವಯಸ್ಸಾಯ್ತು, ಇವರಿಗೆ ಇನ್ನು ಕೆಲಸ ಕೊಡಬಾರದು ಅಂತಾರೆ. ಮೇಡಂ ಆರು ತಿಂಗಳಿಂದ ಅದೇ ಮಾತು ಎತ್ತೋಕೆ ನೆಪ ಹುಡುಕ್ತಿದಾರೆ. ನಿನಗೇ ಗೊತ್ತು." ಟೀ ಸೋಸಿ ಅವಳ ಕೈಗೆ ಕೊಟ್ಟರು. ಸಕ್ಕರೆ ಅವಳಿಗೆ ಬೇಕಾದಷ್ಟೇ ಹಾಕಿದ್ದರು. "ಇನ್ನೆರಡು ವರ್ಷ ಕಣಮ್ಮ. ಎರಡು ವರ್ಷ ದಾಟಿಸಿಬಿಟ್ರೆ ಮರ್ಯಾದೆಯಿಂದ ಹೋಗ್ತೀನಿ. ಅಷ್ಟಕ್ಕೂ ಸುಮ್ಮನೆ ಮಾತಿಗೆ ಕೇಳ್ತೀನಿ, ಎತ್ತಿಡುವಾಗ ನೀನು ನೋಡಿದ್ದೆ ತಾನೇ?"

"ನೋಡಿದ್ದೆ. ಕೇಳಿದ್ದೆ. ನೀವು ಬೇಡ ಅಂದ್ರಿ."

"ಅಂದಿದ್ನಾ?" ಅಂದರು ಮೇಷ್ಟ್ರು. ಅವರ ಮುಖದಲ್ಲಿ ನಟನೆಯಿರಲಿಲ್ಲ. ಅದನ್ನು ಅವರು ನಿಜವಾಗಿಯೂ ಮರೆತಿದ್ದರು. ಅವಳ ತಲೆಯಲ್ಲಿ ಮೂರು ವಾರದಿಂದ ಕನ್ನಡಕ ಒರೆಸುತ್ತ ಕೂತಿದ್ದ ಮನುಷ್ಯ ಅವರ ತಲೆಯಲ್ಲಿ ಇರಲೇ ಇಲ್ಲ. ಬೈದಿದ್ದರೂ, ಹೌದು ನಿನ್ನನ್ನು ಮುಂದೆ ತಳ್ಳಿದೆ ಅಂದಿದ್ದರೂ ಅವಳಿಗೆ ಇಷ್ಟು ಕೆಡುಕೆನಿಸುತ್ತಿರಲಿಲ್ಲ. ಟೀ ಕುಡಿಯಬಾರದು ಅನ್ನಿಸಿತು, ಸಿಂಕಿಗೆ ಸುರಿದು ಹೋಗಬೇಕು ಅನ್ನಿಸಿತು, ಆದರೆ ಅಷ್ಟು ವರ್ಷದ ಮರ್ಯಾದೆ ಕೈ ಹಿಡಿಯಿತು. ಕುಡಿದಳು. ಸರಿಯಾಗಿಯೇ ಇತ್ತು. ಅವರು ಸೊರ್ರನೆ ಕುಡಿದು, "ನಿನಗೆ ಮೀಟಿಂಗಿನಲ್ಲಿ ಒಂದು ಮಾತೂ ಬರದ ಹಾಗೆ ನೋಡ್ಕೊಂಡೆ ತಾನೇ? ಕೈಬಿಟ್ನಾ?" ಅಂದರು. ಅಂದದ್ದು ಎಷ್ಟು ಅಕ್ಕರೆಯಿಂದ ಅಂದರೆ, ಅವಳಿಗೆ ಒಂದು ಗಳಿಗೆ, ಇಲ್ಲ, ಬಿಡಲಿಲ್ಲ, ಅಂತ ತಲೆಯಾಡಿಸಬೇಕು ಅನ್ನಿಸಿತು. ಅದಕ್ಕಾಗಿ ತನ್ನ ಮೇಲೆಯೇ ಹೇಸಿಗೆಯಾಯಿತು.

"ಫೋನ್ ಮಾಡೋವಾಗ ನೀವೇ ಹೇಳಿ ಮೇಷ್ಟ್ರೇ," ಅಂದಳು. "ಮೇಡಂಗೆ ಬೇಡ, ಬೇರೆ ಯಾರಿಗೂ ಬೇಡ. ಆ ಮುದುಕರೊಬ್ಬರಿಗೆ ಹೇಳಿ ಸಾಕು. ಅವರಿಗೆ ಸುಳ್ಳು ಹೇಳೋಕೆ ನನ್ನ ಕೈಲಾಗಲ್ಲ."

"ನೋಡೋಣ," ಅಂದರು ಮೇಷ್ಟ್ರು. ಲೋಟ ತೊಳೆಯದೆ ಸಿಂಕಿನಲ್ಲಿ ಬಿಟ್ಟು ಹೋದರು.

ನೋಡೋಣ ಅನ್ನುವ ಆ ಒಂದು ಮಾತನ್ನು ಹಿಡಿದುಕೊಂಡು ಅವಳು ಅರ್ಧ ಗಂಟೆ ಕೂತಳು. ಇಲ್ಲ ಅನ್ನಲಿಲ್ಲವಲ್ಲ. ಹೇಳುತ್ತಾರೆ. ಬೇರೆಯವರ ಮುಂದೆ ಹೇಳಲಾಗದವರು ನೊಂದವನ ದನಿ ಕೇಳಿದಾಗ ಕರಗುತ್ತಾರೆ, ಮನುಷ್ಯರಲ್ಲವೇ. ಹನ್ನೊಂದೂವರೆಗೆ ಮೇಡಂನ ಕೋಣೆಯಲ್ಲಿ ಮೂರೇ ಜನ ಕೂತರು, ಮೇಡಂ ಅತ್ತ, ಇವರಿಬ್ಬರು ಇತ್ತ, ನಡುವೆ ಮೇಜಿನ ಮೇಲೆ ಅಂಗಾತ ಮಲಗಿಸಿದ ಫೋನು. "ಮಗಳು ಎತ್ತುತ್ತಾರೆ. ಚಿಕ್ಕದಾಗಿ ಹೇಳಿ ಮುಗಿಸಿ, ಜಾಸ್ತಿ ವಿವರಿಸೋಕೆ ಹೋಗಬೇಡಿ" ಅಂತ ಮೇಡಂ ಅಂದು ಸ್ಪೀಕರ್ ಹಾಕಿದರು. ಎತ್ತಿದ್ದು ಮಗಳಲ್ಲ. "ಹಲೋ, ಯಾರು?" ಅಂತ ಕೇಳಿದ ದನಿ ಒಣಗಿದ್ದರೂ ಗಟ್ಟಿಯಾಗಿತ್ತು, ಹಿಂದೆ ಯಾವುದೋ ಗಾಡಿಯ ಚಕ್ರ ಕಿರುಗುಟ್ಟುತ್ತಿತ್ತು. ಅವಳು ಆಫೀಸಿನ ಹೆಸರು ಹೇಳಿದಳು, ಲ್ಯಾಬಿನ ಚಾಟಿನ ಕೆಲಸ ಮಾಡುವವರು ಅಂದಳು, ಕ್ಷಮಿಸಿ ಅನ್ನುವ ಮಾತು ಇನ್ನೂ ಅರ್ಧಕ್ಕೆ ಬಂದಿತ್ತು, ಅಷ್ಟರಲ್ಲಿ ಮುದುಕರೇ ನಡುವೆ ಬಾಯಿ ಹಾಕಿದರು.

"ಅಯ್ಯೋ, ನೀವ್ಯಾಕಮ್ಮ ಕ್ಷಮೆ ಕೇಳ್ತೀರಾ. ತಪ್ಪು ನಂದೂ ಇದೆ. ನಾನು ಕೊನೇಲಿ ಬರೆದದ್ದನ್ನ ಅದು ಓದೇ ಇಲ್ಲ ಅಂತ ಲ್ಯಾಬಿನವರು ಹೇಳಿದರು. ನನ್ನ ಮಗಳು ಯಾವಾಗಲೂ ಬೈತಾಳೆ, ಅಪ್ಪ, ಮುಖ್ಯವಾದದ್ದನ್ನ ಮೊದಲು ಹೇಳೋದು ಕಲಿ ಅಂತ. ನಾನು ಊರ ಸುದ್ದಿಯೆಲ್ಲ ಹೇಳಿ ಕೊನೆಗೆ ವಿಷಯಕ್ಕೆ ಬರೋನು. ಅಂಗಡೀಲಿ ಹಾಗೇ ಅಭ್ಯಾಸ, ಕೂತ ಗಿರಾಕಿ ಏಳಬಾರದು ನೋಡಿ." ನಕ್ಕರು, ನಗುವಾಗ ಎಲ್ಲೋ ನೋವಾಗಿರಬೇಕು, ಹಾ ಅಂತ ನಿಲ್ಲಿಸಿದರು. "ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಸುಮ್ಮನೆ ಮಲಗಿರ್ತೀನಲ್ಲ, ತಲೆಗೆ ಅದೇ ಬರುತ್ತೆ. ಗಡಿಯಾರ ಕೆಟ್ಟರೆ ಯಾವ ಚಕ್ರದ ಹಲ್ಲು ಸವೆದಿದೆ ಅಂತ ನೋಡದೆ ಇದ್ರೆ ನನಗೆ ಸಮಾಧಾನ ಇರ್ತಿರಲಿಲ್ಲ. ಪೂರ್ತಿ ಓದಬೇಡ ಅಂತ ಅದಕ್ಕೆ ಹೇಳಿಕೊಟ್ಟಿದ್ದು ಯಾರು? ನೀವೇನಾ?"

ಮೇಡಂ ಹುಬ್ಬೆತ್ತಿ ಅವಳನ್ನು ನೋಡಿದರು, ಹೂಂ ಅನ್ನಿ ಅನ್ನುವ ಹಾಗೆ. ಅವಳು ಮೇಷ್ಟ್ರ ಕಡೆ ತಿರುಗಿದಳು. ನಿನ್ನೆ ತಿರುಗದವಳು ಇವತ್ತು ಪೂರ್ತಿ ತಿರುಗಿ, ಅವರ ಮುಖವನ್ನು ನೇರವಾಗಿ ನೋಡಿದಳು. ಅವರ ಕಿವಿಯ ಮೇಲಿನ ಬಿಳಿ ಕೂದಲು, ಕ್ಷೌರದಲ್ಲಿ ತಪ್ಪಿಸಿಕೊಂಡ ನಾಲ್ಕು ಎಳೆ, ಕನ್ನಡಕದ ಹಿಂದೆ ಒದ್ದೆಯಾದ ಕಣ್ಣು. ಒದ್ದೆಯಾಗಿದ್ದವು, ಅದು ಸುಳ್ಳಲ್ಲ. ಮೇಷ್ಟ್ರು ಮುಂದಕ್ಕೆ ಬಾಗಿ ಫೋನನ್ನು ತಮ್ಮ ಕಡೆಗೆ ಎಳೆದುಕೊಂಡರು. ಹೇಳುತ್ತಾರೆ, ಹನ್ನೊಂದು ವರ್ಷ ನಾನು ನೋಡಿದ್ದು ಸುಳ್ಳಲ್ಲ ಅಂದುಕೊಂಡಳು.

"ನಮಸ್ಕಾರ ಯಜಮಾನ್ರೇ," ಅಂದರು ಮೇಷ್ಟ್ರು. ದನಿ ಮೃದುವಾಗಿತ್ತು, ಹೊಸಬರಿಗೆ ಪಾಠ ಹೇಳುವಾಗಿನ ದನಿ. "ನಾನು ಇಲ್ಲಿ ಎಲ್ಲರಿಗಿಂತ ಹಿರಿಯ. ಹುಡುಗಿ ಗಾಬರಿಯಾಗಿದಾಳೆ, ಮಾತೇ ಹೊರಡ್ತಿಲ್ಲ ಪಾಪ. ಬೇಕಂತ ಮಾಡಿದ್ದಲ್ಲ ಅವಳು. ನಾನೇ ಕೈಹಿಡಿದು ಕಲಿಸಿದವಳು, ಇನ್ನೂ ಚೆನ್ನಾಗಿ ನೋಡಬೇಕಿತ್ತು ನಾನು. ಆ ಲೆಕ್ಕದಲ್ಲಿ ನಂದೂ ತಪ್ಪೇ ಅನ್ನಿ. ದೊಡ್ಡ ಮನಸ್ಸು ಮಾಡಿ ಕ್ಷಮಿಸಿಬಿಡಿ."

"ಛೇ ಛೇ," ಅಂದರು ಗಡಿಯಾರದವರು, "ಬಯ್ಯಬೇಡಿ ಆ ಹುಡುಗಿಗೆ. ನಿಮ್ಮಂಥ ಹಿರಿಯರು ಇದ್ದೀರಲ್ಲ, ಕಲೀತಾಳೆ."

"ಇಲ್ಲ ಇಲ್ಲ, ಬಯ್ಯಲ್ಲ," ಅಂದರು ಮೇಷ್ಟ್ರು. ಮೇಡಂ ನಿಟ್ಟುಸಿರು ಬಿಟ್ಟು, ಮುಗಿಯಿತು ಅನ್ನುವ ಹಾಗೆ ಕುರ್ಚಿಗೆ ಒರಗಿದರು. ಮೇಷ್ಟ್ರು ಮತ್ತೆ ಅವಳ ಕೈ ತಟ್ಟಲು ಕೈ ಚಾಚಿದರು. ಅವಳ ಕೈ ಅಲ್ಲಿರಲಿಲ್ಲ. ಅದು ಫೋನಿನ ಮೇಲಿತ್ತು, ಫೋನನ್ನು ಅವರ ಮುಂದಿನಿಂದ ತನ್ನ ಕಡೆಗೆ ಎಳೆದುಕೊಳ್ಳುತ್ತಿತ್ತು.

"ಯಜಮಾನ್ರೇ, ಲೈನಲ್ಲಿ ಇದೀರಾ?"

"ಇದೀನಮ್ಮ, ಎಲ್ಲಿಗೆ ಹೋಗ್ಲಿ ನಾನು, ಕಾಲು ಕಟ್ಟಿ ಮಲಗಿಸಿದಾರೆ."

"ನಾನು ಹುಡುಗಿಯಲ್ಲ, ನಲವತ್ತಮೂರು ವರ್ಷ ನನಗೆ," ಅಂದಳು. ತನ್ನ ದನಿ ಇಷ್ಟು ಸಮಾಧಾನವಾಗಿರುತ್ತದೆ ಅಂತ ಅವಳು ಎಣಿಸಿರಲಿಲ್ಲ. ಮೇಡಂ ಕೈಸನ್ನೆ ಮಾಡುತ್ತಿದ್ದರು, ಕಟ್ ಮಾಡಿ, ಕಟ್ ಮಾಡಿ ಅಂತ. ಮೇಷ್ಟ್ರು ಮಾತ್ರ ಅಲ್ಲಾಡದೆ ಕೂತಿದ್ದರು. "ನೀವು ಕೇಳಿದ್ದಕ್ಕೆ ಯಾರೂ ಉತ್ತರ ಹೇಳಲಿಲ್ಲ. ನಾನು ಹೇಳ್ತೀನಿ, ಸ್ವಲ್ಪ ಉದ್ದ ಇದೆ, ಅದರಲ್ಲಿ ನನ್ನ ತಪ್ಪೂ ಇದೆ. ಪೂರ್ತಿ ಕೇಳ್ತೀರಾ?"

"ಹೇಳಮ್ಮ," ಅಂದರು ಅವರು.